ಬತ್ತದ ಸೆಲೆ: ದಿನನಿತ್ಯದ ಬಾಳಿನಲ್ಲಿ ಭರವಸೆ ಮತ್ತು ಶಾಂತಿ

(ಶತಮಾನೋತ್ಸವದ ಅಂಗವಾಗಿ ಬೀದರ ನಗರ, ಭಾಲ್ಕಿ ಹಾಗೂ ಔರಾದ ಭಾಗದ ವಿಶ್ವಾಸಿಗಳಿಗಾಗಿ ಏರ್ಪಡಿಸಿದ್ದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ಶತಮಾನೋತ್ಸವದ ಸಿದ್ಧತೆಗಳು ಆರಂಭವಾದಂದಿನಿಂದ ನಮ್ಮೆಲ್ಲರ ಮಾತೂ ದೇವಾಲಯದ ಸುಣ್ಣಬಣ್ಣ, ಮೆರವಣಿಗೆ, ಪ್ರೀತಿಭೋಜನ, ಸ್ಮರಣ ಸಂಚಿಕೆ ಇವುಗಳ ಸುತ್ತಲೇ ತಿರುಗುತ್ತಿದೆ. ಅದು ಸಹಜವೇ. ನೂರು ವರ್ಷಗಳ ಕಾಲ ದೇವರು ನಮ್ಮನ್ನು ಕಾಪಾಡಿದ್ದಾರೆಂಬ ಕೃತಜ್ಞತೆ ಹೃದಯದಲ್ಲಿ ತುಂಬಿದಾಗ ಅದು ಹೊರಗೂ ಕಾಣಿಸಿಕೊಳ್ಳಬೇಕಾದುದೇ. ಆದರೆ ಕಳೆದ ತಿಂಗಳು ನಗರದ ಹಳೆಯ ಓಣಿಯೊಂದರಲ್ಲಿ ಮನೆಮನೆಗೆ ಭೇಟಿ ನೀಡುತ್ತಿದ್ದಾಗ ವಯಸ್ಸಾದ ತಾಯಿಯೊಬ್ಬರು ನನ್ನನ್ನು ಬಾಗಿಲಲ್ಲೇ ತಡೆದು ಒಂದು ಮಾತು ಕೇಳಿದರು. ಉತ್ಸವದ ಕರಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಕೇಳಿದರು: "ಗುಡಿಗಿ ನೂರು ವರ್ಷ ಆಯ್ತು ಅಂತೀರಿ ಫಾದರ್. ಗುಡಿ ನಿಂತದ, ಖರೆ. ನನ್ನ ಮನಿ ದಿನಾ ಬೀಳ್ಲಕತ್ತದ. ನನಗೇನು ಹೇಳ್ತೀರಿ?"

ಅವರ ಮಗ ಕುಡಿತಕ್ಕೆ ದಾಸನಾಗಿದ್ದಾನೆ. ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಪದವಿ ಮುಗಿಸಿದ ಮೊಮ್ಮಗ ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಆ ತಾಯಿಗೆ ನಾನು ಏನು ಹೇಳಬೇಕಾಗಿತ್ತು? ಈ ಉಪನ್ಯಾಸಕ್ಕೆ ಅದೇ ಪ್ರಶ್ನೆ ಮೂಲ. ನೂರು ವರ್ಷದ ಗುಡಿಯ ನೆರಳಿನಲ್ಲಿ ಬಾಳುವವನ ಮನೆಯೊಳಗೆ ಆ ಗುಡಿಯ ಭರವಸೆ, ಆ ಗುಡಿಯ ಶಾಂತಿ ತಲಪದೇ ಹೋದರೆ, ನಮ್ಮ ಉತ್ಸವ ಕೇವಲ ಕಲ್ಲು ಗಾರೆಗಳ ಉತ್ಸವವಾದೀತು.

ಭರವಸೆ ಎಂದರೇನು?

ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನಾವು ವಿಶ್ವಾಸ, ಭರವಸೆ, ಪ್ರೀತಿ ಎಂಬ ಮೂರು ದೈವಿಕ ಸದ್ಗುಣಗಳನ್ನು ಕುರಿತು ಅಭ್ಯಾಸ ಮಾಡಿದೆವು. ಸಂತ ಥಾಮಸ್ ಅಕ್ವಿನಾಸರು ಭರವಸೆಯ ಲಕ್ಷಣವನ್ನು ಬಹು ಖಚಿತವಾಗಿ ವಿವರಿಸುತ್ತಾರೆ. ಭರವಸೆ ಹಂಬಲಿಸುವ ವಸ್ತು ಒಳ್ಳೆಯದಾಗಿರಬೇಕು, ಇನ್ನೂ ಕೈಗೆ ಬಾರದ್ದಾಗಿರಬೇಕು, ಸುಲಭವಲ್ಲದ್ದಾಗಿರಬೇಕು, ಆದರೂ ದೇವರ ನೆರವಿನಿಂದ ಸಾಧ್ಯವಾದುದಾಗಿರಬೇಕು. ಈ ಸದ್ಗುಣದ ಎರಡು ಬದಿಗೂ ಎರಡು ಕಂದಕಗಳುಂಟೆಂದು ಅವರು ಎಚ್ಚರಿಸುತ್ತಾರೆ. ಒಂದು ಹತಾಶೆ: ದೇವರಿಂದಲೂ ಇದು ಆಗದು ಎನ್ನುವುದು. ಇನ್ನೊಂದು ಅತಿವಿಶ್ವಾಸದ ದುಡುಕು: ನಾನೇನೂ ಮಾಡದಿದ್ದರೂ ದೇವರೇ ಎಲ್ಲವನ್ನೂ ಮಾಡಿಕೊಡುತ್ತಾರೆ ಎನ್ನುವುದು.

ನಾವು ಸಾಮಾನ್ಯವಾಗಿ ಭರವಸೆಯೆಂದು ಕರೆಯುವುದು ಬಹುಮಟ್ಟಿಗೆ ಆಸೆಯನ್ನೇ. ಈ ಸಲ ಮಳೆ ಬಂದೀತು, ತೊಗರಿಗೆ ಬೆಲೆ ಸಿಕ್ಕೀತು, ಮಗನಿಗೆ ನೌಕರಿ ದೊರೆತೀತು ಎಂಬುದು ಆಸೆ. ಆಸೆ ಪಾಪವಲ್ಲ, ಆಸೆಯಿಲ್ಲದೆ ರೈತ ಬಿತ್ತಲಾರ. ಆದರೆ ಆಸೆ ಮೋಡವನ್ನು ನೋಡುತ್ತದೆ. ಮೋಡ ಚದುರಿದಾಗ ತಾನೂ ಚದುರುತ್ತದೆ. ಭರವಸೆಯಾದರೋ ಮೋಡದ ಮೇಲೆ ನಿಂತಿಲ್ಲ, ದೇವರ ನಿಷ್ಠೆಯ ಮೇಲೆ ನಿಂತಿದೆ. ಸಂತ ಪೌಲರು ರೋಮ್ ನಗರದ ವಿಶ್ವಾಸಿಗಳಿಗೆ ಬರೆಯುತ್ತಾ, ಕಣ್ಣಿಗೆ ಕಾಣುವುದನ್ನು ಯಾರೂ ಭರವಸೆಯಿಂದ ಎದುರುನೋಡಬೇಕಾಗಿಲ್ಲ, ಕಾಣದಿರುವುದನ್ನು ತಾಳ್ಮೆಯಿಂದ ಎದುರುನೋಡುವುದೇ ಭರವಸೆ ಎಂದು ಬೋಧಿಸುತ್ತಾರೆ.

ಶಾಂತಿಯ ವಿಷಯವೂ ಹೀಗೆಯೇ. ತೊಂದರೆಯಿಲ್ಲದಿರುವುದನ್ನೇ ನಾವು ಶಾಂತಿಯೆಂದು ಭಾವಿಸುತ್ತೇವೆ. ಆದರೆ ಪುನರುತ್ಥಾನದ ಸಂಜೆ ಬಾಗಿಲು ಮುಚ್ಚಿಕೊಂಡು ನಡುಗುತ್ತಿದ್ದ ಶಿಷ್ಯರ ನಡುವೆ ಬಂದು ನಿಂತ ಯೇಸುಸ್ವಾಮಿ, ಅವರಿಗೆ ಶಾಂತಿಯನ್ನು ಹಾರೈಸಿ ಕೂಡಲೇ ತೋರಿಸಿದ್ದು ತಮ್ಮ ಕೈಗಳ ಹಾಗೂ ಪಕ್ಕೆಯ ಗಾಯಗಳನ್ನು. ಗಾಯ ಮಾಯವಾಗಿರಲಿಲ್ಲ. ಗಾಯವಿದ್ದ ದೇಹವೇ ಶಾಂತಿಯನ್ನು ನೀಡಿತು. ಕ್ರೈಸ್ತ ಶಾಂತಿಯನ್ನು ಅರಿಯಬೇಕಾದರೆ ಈ ಸಂಗತಿಯನ್ನು ನಾವು ಎಂದಿಗೂ ಮರೆಯಲಾಗದು.

ನೌಬಾದಿನ ಪಾಠ

ಹಿಬ್ರಿಯರಿಗೆ ಬರೆದ ಪತ್ರದಲ್ಲಿ ಭರವಸೆಯನ್ನು ಹಡಗಿನ ಲಂಗರಿಗೆ ಹೋಲಿಸಲಾಗಿದೆ. ಸುಂದರವಾದ ಹೋಲಿಕೆ. ಆದರೆ ನಮ್ಮ ಬೀದರಿನವರಿಗೆ ಕಡಲೂ ಇಲ್ಲ, ಹಡಗೂ ಇಲ್ಲ, ಲಂಗರನ್ನು ಕಂಡವರೂ ವಿರಳ. ಆದುದರಿಂದ ನಮ್ಮ ಕಣ್ಣೆದುರಿಗೇ ಇರುವ ಒಂದು ಹೋಲಿಕೆಯನ್ನು ನಾನು ತಮ್ಮ ಮುಂದಿಡುತ್ತೇನೆ.

ನಗರಕ್ಕೆ ಹೊಂದಿಕೊಂಡಿರುವ ನೌಬಾದಿನಲ್ಲಿ ನೆಲದಡಿಯ ಕಾಲುವೆಯೊಂದಿರುವುದನ್ನು ತಾವು ಬಲ್ಲಿರಿ. ಸುರಂಗ ಬಾವಿಯೆಂದು ನಾವು ಕರೆಯುವ ಈ ರಚನೆಗೆ ಪಾರಸಿಕ ಭಾಷೆಯಲ್ಲಿ 'ಕರೇಜ್' ಎಂಬ ಹೆಸರು. ಬಹಮನಿ ಸುಲ್ತಾನರ ಕಾಲದಲ್ಲಿ, ಅಂದರೆ 15ನೆಯ ಶತಮಾನದಲ್ಲಿ, ಪಾರಸಿಕ ದೇಶದ ಪದ್ಧತಿಯನ್ನನುಸರಿಸಿ ಇದನ್ನು ತೋಡಿದರು. ಬೀದರಿನ ಎತ್ತರದ ನೆಲ ಕೆಂಪು ಜಂಬಿಟ್ಟಿಗೆಯದು, ಸ್ಪಂಜಿನಂತೆ ರಂಧ್ರಮಯವಾದುದು. ಬಿದ್ದ ಮಳೆ ಅದರಲ್ಲಿ ಇಂಗಿ, ಕೆಳಗಿನ ಗಟ್ಟಿ ಕಪ್ಪು ಬಂಡೆಯ ಮೇಲೆ ನಿಲ್ಲುತ್ತದೆ. ನಗರದ ಸುತ್ತಲಿನ ಝರಿಗಳಿಗೆಲ್ಲ ಇದೇ ಮೂಲ. ಗುರುನಾನಕ ಝೀರಾದಲ್ಲಿ ಸಿಖ್ ಸಹೋದರರು ಭಕ್ತಿಯಿಂದ ಸ್ವೀಕರಿಸುವ ಸಿಹಿನೀರೂ ಈ ನೆಲದ ಒಡಲಿನದೇ.

ಆ ಕಾಲದ ಕೆಲಸಗಾರರು ಎತ್ತರದ ಜಾಗದಲ್ಲಿ ತಾಯಿಬಾವಿಯನ್ನು ತೋಡಿ, ಅಲ್ಲಿಂದ ಬಂಡೆಯೊಳಗೆ ಅತಿ ಸಣ್ಣ ಇಳಿಜಾರಿನಲ್ಲಿ ಸುರಂಗವನ್ನು ಕೊರೆದು, ನೀರು ತಾನಾಗಿಯೇ ಜನವಸತಿಯ ಕಡೆಗೆ ಹರಿಯುವಂತೆ ಮಾಡಿದರು. ಗಾಳಿ ಬೆಳಕು ಇಳಿಯಲು, ಹೂಳನ್ನು ಮೇಲೆತ್ತಲು ದಾರಿಯುದ್ದಕ್ಕೂ ನೆಲದಿಂದ ನೇರವಾಗಿ ಕಿಂಡಿಗಳನ್ನು ಇಳಿಸಿದರು. ಮೇಲೆ ನಡೆಯುವವನಿಗೆ ಕಾಣುವುದು ಒಣನೆಲ ಮಾತ್ರ. ಅವನ ಕಾಲಡಿಯಲ್ಲಿ ನೀರು ಸದ್ದಿಲ್ಲದೆ ಸಾಗುತ್ತಿರುತ್ತದೆ.

ಆದರೆ ಕಾಲ ಕಳೆದಂತೆ ಜನ ಅದನ್ನು ಮರೆತರು. ಕಿಂಡಿಗಳಲ್ಲಿ ಕಸ ಬಿದ್ದಿತು, ಮಣ್ಣು ಕುಸಿಯಿತು, ಮೇಲೆ ಕಟ್ಟಡಗಳೆದ್ದವು. ಸುಮಾರು ಒಂದು ದಶಕದ ಹಿಂದೆ ಬರಗಾಲ ನಮ್ಮನ್ನು ಹಿಂಡುತ್ತಿದ್ದ ದಿನಗಳಲ್ಲಿ ಹೂಳೆತ್ತುವ ಕೆಲಸ ನಡೆಯಿತು. ನಾನೂ ಒಂದು ದಿನ ಹೋಗಿ ನಿಂತು ನೋಡಿದೆ. ಕೆಲಸದವರು ಕಿಂಡಿಯೊಳಗೆ ಹಗ್ಗ ಹಿಡಿದು ಇಳಿದು, ಬುಟ್ಟಿಬುಟ್ಟಿಯಾಗಿ ಕೆಸರನ್ನು ಮೇಲಕ್ಕೆ ಕಳುಹಿಸುತ್ತಿದ್ದರು. ಹೊಸ ನೀರನ್ನು ಯಾರೂ ತಂದು ಸುರಿಯಲಿಲ್ಲ. ಒಳಗಿದ್ದ ನೀರಿಗೆ ದಾರಿ ಬಿಡಿಸಿಕೊಟ್ಟರು, ಅಷ್ಟೇ.

ಪ್ರಿಯರೇ, ಭರವಸೆಯ ಗುಟ್ಟು ಇದರಲ್ಲಿದೆ. ದೀಕ್ಷಾಸ್ನಾನದ ದಿನ ದೇವರು ನಮ್ಮೊಳಗೆ ಇಟ್ಟ ಕೃಪೆಯ ಸೆಲೆ ಬತ್ತುವುದಿಲ್ಲ. ಅದರ ಮೂಲ ನಮ್ಮಲ್ಲಿಲ್ಲ, ದೇವರಲ್ಲಿದೆ. ಆದರೆ ದಾರಿ ಕಟ್ಟಿಕೊಳ್ಳುತ್ತದೆ. ದುಃಖ, ಸಾಲ, ಸಿಟ್ಟು, ನಾಚಿಕೆ ಇವುಗಳ ಹೂಳು ತುಂಬಿದಾಗ ನೀರೇ ಇಲ್ಲವೆಂದು ನಮಗೆ ತೋರುತ್ತದೆ. ಇನ್ನೊಂದು ಮಾತು. ಸುರಂಗದ ಹೂಳನ್ನು ಸುರಂಗವೇ ತೆಗೆದುಕೊಳ್ಳಲಾರದು. ಯಾರಾದರೊಬ್ಬರು ಕೆಳಗೆ ಇಳಿಯಬೇಕು. ನಮ್ಮ ರಕ್ಷಣೆಗಾಗಿ ದೇವಪುತ್ರರು ಇಳಿದು ಬಂದದ್ದೂ ಹಾಗೆಯೇ. ನಾವು ಒಬ್ಬರಿಗಾಗಿ ಒಬ್ಬರು ಮಾಡಬೇಕಾದುದೂ ಅದನ್ನೇ.

ಔರಾದಿನ ಒಂದು ಸಂಜೆ

ಈ ಪಾಠವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಅದನ್ನು ತಮ್ಮೆಲ್ಲರ ಮುಂದೆ ಹೇಳಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

2016ರ ಬೇಸಿಗೆ ತಮಗೆ ನೆನಪಿರಬಹುದು. ನೆರೆಯ ಲಾತೂರಿಗೆ ಆ ಏಪ್ರಿಲ್ ತಿಂಗಳಲ್ಲಿ ರೈಲಿನಲ್ಲಿ ಕುಡಿಯುವ ನೀರು ತಂದದ್ದನ್ನು ದೇಶವೆಲ್ಲ ಮಾತನಾಡಿಕೊಂಡಿತು. ನಮ್ಮ ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿಯೂ ಕೊಡಗಳ ಸಾಲು ಬೆಳಗಿನಿಂದ ರಾತ್ರಿಯವರೆಗೆ ಕರಗುತ್ತಿರಲಿಲ್ಲ. ಮೇವಿಲ್ಲದೆ ದೇವಣಿ ತಳಿಯ ಎತ್ತುಗಳನ್ನು ಸಿಕ್ಕಷ್ಟಕ್ಕೆ ಮಾರಿದವರುಂಟು. ಮನೆಗೆ ಬೀಗ ಹಾಕಿ ಹೈದರಾಬಾದಿಗೆ, ಪುಣೆಗೆ ಕೂಲಿಗೆ ಹೋದವರುಂಟು.

ಅಂತಹ ಒಂದು ದಿನ ಔರಾದ ಭಾಗದ ಹಳ್ಳಿಯೊಂದರಲ್ಲಿ ಪೂಜೆ ಮುಗಿಸಿ ನಾನು ಹೊರಡುತ್ತಿದ್ದೆ. ನಮ್ಮ ವಿಶ್ವಾಸಿಯೇ ಆದ ರೈತನೊಬ್ಬ ಬೈಕಿನ ಹತ್ತಿರ ಬಂದು ನಿಂತ. ಮೂರನೆಯ ಕೊಳವೆಬಾವಿಯೂ ಒಣಗಿತೆಂದು ಹೇಳಿದ. ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದ. ನನಗೆ ಭಾಲ್ಕಿಯಲ್ಲಿ ಇನ್ನೊಂದು ಪೂಜೆಯಿತ್ತು, ಹೊತ್ತಾಗಿತ್ತು. ದೇವರ ಮೇಲೆ ಭಾರ ಹಾಕು, ಜಪಸರ ಬಿಡಬೇಡ, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಅವನ ತಲೆಯ ಮೇಲೆ ಕೈಯಿಟ್ಟು ಹೊರಟುಬಿಟ್ಟೆ. ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಆ ಮಾತಿಗೆ ಕಾಲುಗಳಿರಲಿಲ್ಲ; ಅದು ಅವನ ಜೊತೆ ಒಂದು ಹೆಜ್ಜೆಯನ್ನೂ ನಡೆಯಲಿಲ್ಲ.

ಮುಂದಿನ ವಾರ ಬರುವುದರೊಳಗೆ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಿದ್ದ.

ನಾನು ಅಲ್ಲಿ ತಲಪಿದಾಗ ಹಿರಿಯರಿಬ್ಬರು ನನ್ನನ್ನು ಬದಿಗೆ ಕರೆದು, ಇಂತಹವರಿಗೆ ಗುಡಿಯಲ್ಲಿ ಪೂಜೆಯುಂಟೇ, ಸಮಾಧಿ ಭೂಮಿಯಲ್ಲಿ ಜಾಗವುಂಟೇ ಎಂದು ಕೇಳಿದರು. ಅವರ ತಂದೆ ತಾತಂದಿರ ಕಾಲದಲ್ಲಿ ಇಲ್ಲವೆಂದು ಕೇಳಿ ಅವರಿಗೆ ಗೊತ್ತಿತ್ತು. ಅದು ಸುಳ್ಳೂ ಅಲ್ಲ. 1917ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ ತಿಳಿದೂ ತಿಳಿದು ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ನಿರಾಕರಿಸಲಾಗಿತ್ತು. ಆದರೆ 1983ರ ಹೊಸ ಸಂಹಿತೆ ಅಂತ್ಯಕ್ರಿಯೆ ಪಡೆಯಲಾರದವರ ಪಟ್ಟಿಯಿಂದ ಅವರನ್ನು ಕೈಬಿಟ್ಟಿದೆ. 1992ರ ಧರ್ಮೋಪದೇಶ ಗ್ರಂಥವು, ಪ್ರಾಣ ಕಳೆದುಕೊಳ್ಳುವುದು ಜೀವದಾತರಾದ ದೇವರಿಗೆ ವಿರುದ್ಧವಾದುದೆಂದು ಬೋಧಿಸುತ್ತಲೇ, ತೀವ್ರ ಮನೋವೇದನೆ ಹಾಗೂ ಭೀತಿ ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲವೆಂದೂ, ಅಂತಹವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆಂದೂ ತಿಳಿಸುತ್ತದೆ. ನಾನು ಆ ಹಿರಿಯರಿಗೆ, ಪೂಜೆಯೂ ಉಂಟು, ಜಾಗವೂ ಉಂಟು, ತಾಯಿಯ ಮಡಿಲಿನಲ್ಲಿ ಇಂತಹ ಮಗನಿಗೇ ಮೊದಲ ಜಾಗ ಎಂದು ಹೇಳಿದೆ. ಬಲಿಪೂಜೆ ಅರ್ಪಿಸಿದೆ. ಆದರೆ ಪೀಠದ ಮುಂದೆ ನಿಂತಾಗ ನನ್ನ ಕೈ ನಡುಗುತ್ತಿತ್ತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಲ್ಲೆಯಲ್ಲಿ ಭಾರೀ ಮಳೆ ಸುರಿಯಿತು. ಹಳ್ಳಗಳು ತುಂಬಿ ಹರಿದವು. ಇನ್ನು ನಾಲ್ಕು ತಿಂಗಳು ತಡೆದಿದ್ದರೆ ಎಂದು ಜನ ಆಡಿಕೊಂಡರು. ಆ ಮಾತು ಅವನ ಹೆಂಡತಿಯ ಕಿವಿಗೂ ಬಿದ್ದಿತು. ನಾನು ಭೇಟಿಗೆ ಹೋದಾಗ ಆಕೆ ಹೇಳಿದ್ದಿಷ್ಟೇ: "ಮಳಿ ಬರ್ತಿತ್ತು ಅಂತ ಅವರಿಗೇನು ಗೊತ್ತಿತ್ತು ಫಾದರ್? ಅವರಿಗಿ ಮಳಿ ಬೇಕಾಗಿರಲಿಲ್ಲ. ಅವತ್ತು ಒಂದು ತಾಸು ಕೂತು ಕೇಳೋರು ಬೇಕಾಗಿದ್ರು."

ನನ್ನನ್ನು ದೂಷಿಸಲು ಆಕೆ ಹಾಗೆ ಹೇಳಲಿಲ್ಲ. ನಾನು ಅಂದು ಅವನನ್ನು ಬೈಕಿನ ಬಳಿ ಬಿಟ್ಟು ಹೋದದ್ದು ಆಕೆಗೆ ತಿಳಿದೂ ಇರಲಿಲ್ಲ. ಅಂದು ರಾತ್ರಿ ನಾನು ಲೂಕರ ಶುಭಸಂದೇಶದ ಎಮ್ಮಾವು ದಾರಿಯ ಕಥೆಯನ್ನು ಮತ್ತೆ ಓದಿದೆ. ಆ ಇಬ್ಬರು ಶಿಷ್ಯರು ತಮ್ಮ ಭರವಸೆಯನ್ನು ಭೂತಕಾಲದ ಕ್ರಿಯಾಪದದಲ್ಲಿ ಹೇಳುತ್ತಾರೆ; ಅಂದರೆ ಅದು ಮುಗಿದುಹೋದ ಕಥೆಯೆಂಬಂತೆ. ಪುನರುತ್ಥಾನರಾದ ಸ್ವಾಮಿ ಅವರಿಗೆ ಮೊದಲು ಬೋಧಿಸಲಿಲ್ಲ. ಮೊದಲು ಜೊತೆಗೆ ನಡೆದರು. ಆಮೇಲೆ ಏನು ಮಾತನಾಡಿಕೊಳ್ಳುತ್ತಿದ್ದೀರೆಂದು ಕೇಳಿದರು. ತಮಗೆ ತಿಳಿದಿದ್ದ ಕಥೆಯನ್ನೇ ಅವರ ಬಾಯಿಂದ ಪೂರ್ತಿಯಾಗಿ ಕೇಳಿಸಿಕೊಂಡರು. ಪವಿತ್ರ ಗ್ರಂಥದ ವಿವರಣೆ ಬಂದದ್ದು ಅನಂತರ. ರೊಟ್ಟಿ ಮುರಿದದ್ದು ಕೊನೆಗೆ. ನಾನಾದರೋ ಉಪದೇಶದಿಂದಲೇ ಆರಂಭಿಸಿ ಉಪದೇಶದಲ್ಲೇ ಮುಗಿಸಿದ್ದೆ.

ಪ್ರವಾದಿ ಎಲೀಯನನ್ನೂ ಸ್ಮರಿಸಿಕೊಳ್ಳಿ. ಅಷ್ಟು ಧೀರನಾದ ಆತ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡಿಕೊಂಡ. ದೇವರು ಆತನನ್ನು ಗದರಿಸಲಿಲ್ಲ, ಅವಿಶ್ವಾಸಿಯೆಂದು ಕರೆಯಲಿಲ್ಲ. ದೂತನ ಕೈಯಲ್ಲಿ ರೊಟ್ಟಿಯನ್ನೂ ನೀರನ್ನೂ ಕಳುಹಿಸಿದರು, ನಿದ್ರೆ ಮಾಡಗೊಟ್ಟರು, ಮತ್ತೊಮ್ಮೆ ಎಬ್ಬಿಸಿ ಊಟ ಕೊಟ್ಟರು. ದಾರಿ ದೂರವಿದೆಯೆಂಬುದು ದೇವರಿಗೆ ಗೊತ್ತಿತ್ತು.

ಆ ಸಹೋದರಿ ಇಂದು ಸ್ವಸಹಾಯ ಗುಂಪೊಂದರಲ್ಲಿ ಸೇರಿ, ಎರಡು ಎಮ್ಮೆ ಸಾಕಿ, ಮಕ್ಕಳನ್ನು ಓದಿಸುತ್ತಿದ್ದಾಳೆ. ದುಃಖ ಹೋಯಿತೆಂದು ಆಕೆ ಎಂದೂ ಹೇಳಿಲ್ಲ. ಆದರೆ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಆಕೆಯೇ ಮೊದಲು ಹೋಗಿ ಕೂಡುತ್ತಾಳೆ. ಮಾತನಾಡುವುದಿಲ್ಲ, ಸುಮ್ಮನೆ ಕೂಡುತ್ತಾಳೆ. ಗಾಯವಿದ್ದ ಕೈಯಿಂದಲೇ ಶಾಂತಿ ಬರುತ್ತದೆಂಬ ಮಾತಿಗೆ ಇದಕ್ಕಿಂತ ದೊಡ್ಡ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ.

ಭಾಲ್ಕಿಯ ಬಾವಿ

ಎಲ್ಲ ಮನೆಗಳಲ್ಲಿಯೂ ಇಂತಹ ದೊಡ್ಡ ದುಃಖವಿರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಶಾಂತಿ ಕೆಡುವುದು ಸಣ್ಣ ಸಂಗತಿಗಳಿಂದ. ಈಗ ಔರಾದಿನಿಂದ ಭಾಲ್ಕಿಗೆ ಬರೋಣ.

ಅಲ್ಲಿನ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ತಂದೆ ತೀರಿದ ಮೇಲೆ ಒಂದು ಬದುವಿಗಾಗಿ, ಆ ಬದುವಿನ ಮೇಲಿದ್ದ ಬಾವಿಗಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಪೂಜೆಗೆ ಇಬ್ಬರೂ ತಪ್ಪದೆ ಬರುತ್ತಿದ್ದರು. ಒಬ್ಬ ಎಡಗಡೆ, ಒಬ್ಬ ಬಲಗಡೆ. ಪರಸ್ಪರ ಶಾಂತಿಯನ್ನು ಹಂಚಿಕೊಳ್ಳುವ ಗಳಿಗೆಯಲ್ಲಿ ಇಬ್ಬರೂ ಗೋಡೆಯ ಕಡೆಗಿದ್ದವರಿಗೆ ಮಾತ್ರ ಕೈ ಜೋಡಿಸುತ್ತಿದ್ದರು. ಸಂತ ಅಗುಸ್ತೀನರು ಶಾಂತಿಯೆಂದರೆ ಪ್ರತಿಯೊಂದೂ ತನ್ನ ತನ್ನ ತಕ್ಕ ಸ್ಥಾನದಲ್ಲಿದ್ದಾಗ ಉಂಟಾಗುವ ನೆಮ್ಮದಿ ಎಂಬರ್ಥದಲ್ಲಿ ವಿವರಿಸುತ್ತಾರೆ. ಆ ಮನೆಯಲ್ಲಿ ಬಾವಿ ಅಣ್ಣನ ಸ್ಥಾನದಲ್ಲಿ ಕುಳಿತಿತ್ತು. ಅಣ್ಣ ಹೊರಗೆ ನಿಂತಿದ್ದ.

ಅವರ ತಾಯಿ ಹಾಸಿಗೆ ಹಿಡಿದಾಗ ರೋಗಿಗಳ ಅಭ್ಯಂಗ ನೀಡಲು ನಾನು ಹೋದೆ. ಸಂಸ್ಕಾರ ಮುಗಿದ ಮೇಲೆ ತಾಯಿ ಇಬ್ಬರನ್ನೂ ಕರೆದು, ಹೊಲ ಕೂಡಿಸಿರೆಂದು ಹೇಳಲಿಲ್ಲ, ಕ್ಷಮೆ ಕೇಳಿರೆಂದೂ ಹೇಳಲಿಲ್ಲ. ಬಾವಿಯ ನೀರನ್ನು ಬೇಸಿಗೆಯಲ್ಲಾದರೂ ಹಂಚಿಕೊಳ್ಳಿರೆಂದು ಕೇಳಿದಳು. ಆ ವರ್ಷ ಅಣ್ಣನ ಪಂಪು ತಮ್ಮನ ಕಬ್ಬಿಗೂ ವಾರದಲ್ಲಿ ಎರಡು ದಿನ ನೀರು ಬಿಟ್ಟಿತು. ಹೊಲ ಇಂದಿಗೂ ಬೇರೆಯೇ. ಎಲ್ಲವೂ ಸರಿಹೋಯಿತೆಂದು ಹೇಳಿದರೆ ನಾನು ಸುಳ್ಳಾಡಿದಂತಾದೀತು. ಆದರೆ ತಾಯಿಯ ಮೊದಲ ವರ್ಷದ ಸ್ಮರಣೆಯ ಪೂಜೆಯಲ್ಲಿ ಅವರಿಬ್ಬರೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ಸಮಾಧಾನ ಒಮ್ಮೆಲೇ ಪ್ರವಾಹದಂತೆ ಬರಬೇಕಾಗಿಲ್ಲ, ವಾರಕ್ಕೆ ಎರಡು ದಿನ ಬಿಟ್ಟರೂ ಸಾಕು, ಹೊಲ ಹಸಿರಾಗುತ್ತದೆ.

ಭಾಲ್ಕಿಯ ಹೆಸರೆತ್ತಿದಾಗ ಅಲ್ಲಿನ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರನ್ನು ಸ್ಮರಿಸದಿರಲಾಗದು. ನಿಜಾಮರ ಆಳಿಕೆಯಲ್ಲಿ ಕನ್ನಡಕ್ಕೆ ಆಸರೆಯಿಲ್ಲದಿದ್ದಾಗ ಅವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಹಿರಿಯರೆಲ್ಲ ಬಲ್ಲರು. ಅವರ ಧರ್ಮಮಾರ್ಗ ಬೇರೆ, ನಮ್ಮದು ಬೇರೆ. ಆದರೆ ಒಣನೆಲದ ಕೆಳಗೆ ನೀರನ್ನು ಹರಿಯಗೊಡುವ ತಾಳ್ಮೆ ಯಾವುದೆಂಬುದನ್ನು ಅವರಿಂದಲೂ ನಾವು ಕಲಿಯಬಹುದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ ಒಂದು ಕಡೆ, ಜಹೀರಾಬಾದ ಇನ್ನೊಂದು ಕಡೆ, ನಾವು ಮೈಸೂರು ರಾಜ್ಯದ ಕಡೆ. ಗಡಿ ಗೆರೆ ಎಷ್ಟೋ ಮನೆಗಳ ನಡುವೆಯೇ ಹಾದುಹೋಯಿತು. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪನೆಯಾಗಿ ಪರಮಪೂಜ್ಯ ರಾಬರ್ಟ್ ಮೈಕಲ್ ಮಿರಾಂದರು ಅದರ ಮೊದಲ ಧರ್ಮಾಧ್ಯಕ್ಷರಾದರು. ಇಂದು ನಮ್ಮ ಮನೆಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ಪೀಠದ ಮುಂದೆ ಮಾತ್ರ ನಾವು ಒಂದೇ ಕುಟುಂಬ.

ಮುಚ್ಚಿದ ಬಾಗಿಲುಗಳ ಪಾಸ್ಖ

2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ರೋಗದ ಕಾರಣ ದೇಶವೇ ಬೀಗ ಹಾಕಿಕೊಂಡಿತು. ಏಪ್ರಿಲ್ 12ರಂದು ಬಂದ ಪಾಸ್ಖ ಹಬ್ಬಕ್ಕೆ ದೇವಾಲಯದ ಬಾಗಿಲು ಮುಚ್ಚಿತ್ತು. ಖಾಲಿ ಬೆಂಚುಗಳ ಮುಂದೆ ನಾನೊಬ್ಬನೇ ಬಲಿಪೂಜೆ ಅರ್ಪಿಸಿದೆ. ಮೊದಲನೆಯ ಪಾಸ್ಖದ ಸಂಜೆಯೂ ಬಾಗಿಲು ಮುಚ್ಚಿತ್ತೆಂಬುದು ಆಗ ನೆನಪಾಯಿತು. ಪುಣೆ, ಮುಂಬಯಿಗಳಿಂದ ಹಿಂದಿರುಗಿದ ನಮ್ಮ ಹುಡುಗರು ಶಾಲಾ ಕೋಣೆಗಳಲ್ಲಿ ಪ್ರತ್ಯೇಕವಾಗಿ ಉಳಿದಾಗ ಅವರಿಗೆ ರೊಟ್ಟಿ ಕಟ್ಟಿಕೊಟ್ಟವರಲ್ಲಿ ಲಿಂಗಾಯತರಿದ್ದರು, ಮುಸಲ್ಮಾನರಿದ್ದರು, ಈ ಜಿಲ್ಲೆಯಲ್ಲಿ ಶಾಲೆ ಆಸ್ಪತ್ರೆಗಳನ್ನು ಕಟ್ಟಿ ಸೇವೆ ಸಲ್ಲಿಸಿದ ಮೆಥಡಿಸ್ಟ್ ಸಭೆಯ ಸಹೋದರರಿದ್ದರು. ದೇವರು ನಮ್ಮ ಬಾಗಿಲಿನಿಂದ ಮಾತ್ರ ಒಳಗೆ ಬರುವವರಲ್ಲ.

ಆ ದಿನಗಳಲ್ಲಿ ನನಗೆ ಆಸರೆಯಾದುದು ವಿಯೆಟ್ನಾಮಿನ ಕಾರ್ಡಿನಲ್ ಫ್ರಾನ್ಸಿಸ್ ಕ್ಸೇವಿಯರ್ ವಾನ್ ತುವಾನರ ಜೀವನ. 1975ರಲ್ಲಿ ಅವರನ್ನು ಸೆರೆಹಿಡಿದರು. ಹದಿಮೂರು ವರ್ಷ ಬಂಧನ. ಅದರಲ್ಲಿ ಒಂಬತ್ತು ವರ್ಷ ಏಕಾಂತವಾಸ. ಹೊಟ್ಟೆನೋವಿನ ಔಷಧಿಯೆಂದು ವಿಶ್ವಾಸಿಗಳು ಕಳುಹಿಸಿದ ದ್ರಾಕ್ಷಾರಸದಲ್ಲಿ ಮೂರು ಹನಿಯನ್ನು ಅಂಗೈಯಲ್ಲಿ ಹಾಕಿಕೊಂಡು, ಒಂದು ಹನಿ ನೀರು ಬೆರೆಸಿ, ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಅಂಗೈಯೇ ಪೀಠ, ಅಂಗೈಯೇ ಪಾತ್ರೆ. ಬಿಡುಗಡೆ ಎಂದೆಂದು ಅವರು ದಿನ ಎಣಿಸುತ್ತಾ ಕೂಡಲಿಲ್ಲ; ಇರುವ ದಿನವನ್ನು ಪ್ರೀತಿಯಿಂದ ತುಂಬಲು ನಿಶ್ಚಯಿಸಿದರು. ಜಗದ್ಗುರು 16ನೆಯ ಬೆನೆಡಿಕ್ಟರು 2007ರಲ್ಲಿ ಭರವಸೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಇವರನ್ನೇ ಸಾಕ್ಷಿಯಾಗಿ ನೆನೆದರು. 2025ರ ಜೂಬಿಲಿ ವರ್ಷಕ್ಕೆ ಜಗದ್ಗುರು ಫ್ರಾನ್ಸಿಸರು ಆರಿಸಿಕೊಟ್ಟ ವಿಷಯವೂ ಭರವಸೆಯ ಯಾತ್ರಿಕರೆಂಬುದೇ. ಆ ವರ್ಷದ ಪಾಸ್ಖ ಹಬ್ಬದ ಮರುದಿನವೇ ಅವರು ಪ್ರಭುವಿನಲ್ಲಿ ನಿದ್ರಿಸಿದರು.

ನಾವು ಮಾಡಬೇಕಾದುದೇನು?

ಒಲವಿನವರೇ, ಹೂಳು ತೆಗೆಯುವ ಕೆಲಸ ಒಂದು ದಿನದ್ದಲ್ಲ. ಆದುದರಿಂದ ಕೆಲವು ಸರಳ ಸಂಗತಿಗಳನ್ನು ತಮ್ಮ ಮುಂದಿಟ್ಟು ಮುಗಿಸುತ್ತೇನೆ.

ಮೊದಲನೆಯದು, ರಾತ್ರಿಯ ಐದು ನಿಮಿಷ. ಮಲಗುವ ಮುನ್ನ ಆ ದಿನ ದೇವರು ಕೊಟ್ಟ ಒಂದು ಒಳ್ಳೆಯದನ್ನು, ನಾನು ಕೆಡಿಸಿದ ಒಂದನ್ನು ನೆನೆದು, ಅವೆರಡನ್ನೂ ದೇವರ ಕೈಗೆ ಕೊಟ್ಟು ಮಲಗಿರಿ. ದಿನದ ಕೆಸರು ದಿನಕ್ಕೇ ಹೋಗಲಿ.

ಎರಡನೆಯದು, ಪಾಪನಿವೇದನೆ ಮತ್ತು ಪರಮಪ್ರಸಾದ. ನಮ್ಮಲ್ಲಿ ಅನೇಕರು ಪಾಪನಿವೇದನೆಯನ್ನು ತಪಸ್ಸು ಕಾಲದ ಕೊನೆಯ ವಾರಕ್ಕೆ ಮೀಸಲಿಟ್ಟಿದ್ದೇವೆ. ಕಿಂಡಿಗಳನ್ನು ವರ್ಷಕ್ಕೊಮ್ಮೆ ತೆರೆದರೆ ಗಾಳಿ ಹೇಗೆ ಆಡೀತು?

ಮೂರನೆಯದು, ಮನೆಯ ಸಾಲವನ್ನೂ ಮನಸ್ಸಿನ ಭಾರವನ್ನೂ ಮುಚ್ಚಿಡಬೇಡಿ. ಗಂಡಸರಿಗೆ ವಿಶೇಷವಾಗಿ ಈ ಮಾತು ಹೇಳುತ್ತೇನೆ. ಹೆಂಡತಿಗೆ ಹೇಳಿ, ಅಣ್ಣತಮ್ಮಂದಿರಿಗೆ ಹೇಳಿ, ನನಗೆ ಹೇಳಿ. ಬಾಳು ಸಾಕೆನಿಸುವಷ್ಟು ಮನಸ್ಸು ಕುಗ್ಗಿದರೆ ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ವೈದ್ಯರ ಕೈಯಲ್ಲಿಯೂ ದೇವರ ಕೈಯಿದೆ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಇದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.

ನಾಲ್ಕನೆಯದು, ವಾರಕ್ಕೆ ಒಂದು ತಾಸು ಮತ್ತೊಬ್ಬರ ಮನೆಯಲ್ಲಿ ಕುಳಿತುಕೊಳ್ಳಿ. ಉಪದೇಶ ಮಾಡಲು ಅಲ್ಲ, ಕೇಳಲು. ಶತಮಾನೋತ್ಸವದ ನೆನಪಿಗಾಗಿ ನಾವು ಏನು ಕಟ್ಟಬೇಕೆಂದು ಹಲವರು ಕೇಳುತ್ತಿದ್ದಾರೆ. ಗಂಟೆಗೋಪುರವೂ ಬೇಕು, ಸಭಾಭವನವೂ ಬೇಕು, ಬೇಡವೆನ್ನುವುದಿಲ್ಲ. ಆದರೆ ನಮ್ಮ ಧರ್ಮಕೇಂದ್ರದ ಒಂದು ಮನೆಯೂ ಕೇಳುವವರಿಲ್ಲದ ಮನೆಯಾಗಿ ಉಳಿಯದಂತೆ ಮಾಡುವುದೇ ನೂರು ವರ್ಷದ ನಿಜವಾದ ಸ್ಮಾರಕವೆಂದು ನಾನು ನಂಬಿದ್ದೇನೆ.

ಆರಂಭದಲ್ಲಿ ಹೇಳಿದ ಆ ವೃದ್ಧ ತಾಯಿಯ ವಿಷಯಕ್ಕೆ ಬರುತ್ತೇನೆ. ಆಕೆ ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಔರಾದಿನ ಆ ಬೈಕು ನನಗೆ ನೆನಪಿತ್ತು. ಒಳಗೆ ಹೋಗಿ, ಚಹಾ ಮಾಡಮ್ಮ ಎಂದು ಹೇಳಿ ಚಾಪೆಯ ಮೇಲೆ ಕುಳಿತೆ. ಒಂದು ತಾಸಿಗಿಂತ ಹೆಚ್ಚು ಹೊತ್ತು ಆಕೆ ಮಾತನಾಡಿದಳು. ನಡುವೆ ಅತ್ತಳು, ನಡುವೆ ನಕ್ಕಳು ಕೂಡ. ಅಂದಿನಿಂದ ಧರ್ಮಕೇಂದ್ರದ ಇಬ್ಬರು ತಾಯಂದಿರು ವಾರವಾರವೂ ಆ ಮನೆಗೆ ಹೋಗಿ ಜಪಸರ ಹೇಳಿ ಬರುತ್ತಿದ್ದಾರೆ. ಮಗ ಇನ್ನೂ ಕುಡಿತ ಬಿಟ್ಟಿಲ್ಲ. ಮೊಮ್ಮಗನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಕಳೆದ ಭಾನುವಾರ ಪೂಜೆಯ ನಂತರ ಆಕೆ ನನ್ನ ಬಳಿ ಬಂದು, "ಮನಿ ಇನ್ನಾ ಸೋರ್ಲಕತ್ತದ ಫಾದರ್, ಆದ್ರ ಈಗ ಬೀಳಲ್ಲ ಅನ್ನಿಸ್ತದ" ಎಂದಳು.

ಇದಕ್ಕೆ ನಾನು ಯಾವ ವ್ಯಾಖ್ಯಾನವನ್ನೂ ಸೇರಿಸುವುದಿಲ್ಲ.

ಎಲ್ಲರೂ ಎದ್ದು ನಿಂತು ಪ್ರಾರ್ಥಿಸೋಣ. ಕರುಣಾಮಯ ಪಿತನೇ, ನೂರು ವರ್ಷ ನಮ್ಮ ಹಿರಿಯರ ಕೈ ಹಿಡಿದು ನಡೆಸಿದ ನಿನಗೆ ವಂದನೆ. ಬರದಲ್ಲಿ 'ಇನ್ನಿಲ್ಲ' ಎಂದುಕೊಂಡವರ ಒಡಲಿನಲ್ಲಿಯೂ ನಿನ್ನ ಸೆಲೆ ಹರಿಯುತ್ತಿದೆಯೆಂದು ನಾವು ವಿಶ್ವಾಸಿಸುತ್ತೇವೆ. ಭಾರ ತಾಳಲಾರದೆ ನಮ್ಮನ್ನಗಲಿದವರನ್ನು ನಿನ್ನ ಮಡಿಲಿಗೆ ಸೇರಿಸಿಕೋ. ಅವರ ಬಳಿ ನಿಲ್ಲದೆ ಹೊರಟುಹೋದ ನಮ್ಮನ್ನು ಕ್ಷಮಿಸು. ಒಬ್ಬರ ಹೂಳನ್ನು ಒಬ್ಬರು ತೆಗೆಯುವಷ್ಟು ಬಿಡುವನ್ನೂ ದೀನತೆಯನ್ನೂ ನಮಗೆ ದಯಪಾಲಿಸು. ವ್ಯಾಕುಲ ಮಾತೆ ಮರಿಯಮ್ಮನವರು ಶಿಲುಬೆಯ ಬುಡದಲ್ಲಿ ನಿಂತಂತೆ ನಮ್ಮ ಮನೆಗಳಲ್ಲಿಯೂ ನಿಲ್ಲಲಿ. ನಮ್ಮ ಪ್ರಭು ಕ್ರಿಸ್ತನ ಮೂಲಕ ಈ ಪ್ರಾರ್ಥನೆಯನ್ನು ಆಲಿಸು. ಆಮೆನ್.

ಶತಮಾನೋತ್ಸವದ ಶುಭಾಶಯಗಳು. ಕ್ರಿಸ್ತನ ಶಾಂತಿ ತಮ್ಮೆಲ್ಲರ ಮನೆಗಳಲ್ಲಿ ನೆಲೆಸಲಿ.